ಬಾಯ್ತುಂಬ ನೀರು

ಸಿಂಹ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ಡ್ರಿಲ್ ಮೇಡಂ ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಆಗಲೇ ಮಕ್ತಲ್ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ, ಅವರು ಆಫ್ರಿಕಾದಲ್ಲಿ ಸೀಟಿ ಊದಿ ಸಿಂಹವನ್ನು ಸಾಲಿನಲ್ಲಿ ನಿಲ್ಲಿಸಿದರೆಂಬ ಕತೆ ಹುಟ್ಟಿಕೊಂಡಿದೆ. ನಾರಾಯಣಪೇಟೆಗೆ ಹೋಗುವಷ್ಟರಲ್ಲಿ ಆ ಸಿಂಹ ಎರಡಾಗಿದೆ. ಗದ್ವಾಲ ಅವರ ತವರೂರು. ಅಲ್ಲಿ ಸಿಂಹ ಮೇಡಂ ಕಾಲಿಗೆ ಬಿದ್ದು ಹೋಯಿತಂತೆ. ಅವರು ಆಫ್ರಿಕಾದಲ್ಲಿದ್ದಷ್ಟು ದಿನವೂ ನಾನು ಜೊತೆಗಿದ್ದೆ. ನಮ್ಮೆದುರು ಇದ್ದದ್ದು ಒಂದು ಕರು, ಅದೂ ತಾಯಿಯಿಲ್ಲದ, ಬಾಟಲಿಯಲ್ಲಿ ಹಾಲು ಕುಡಿಯುವ ಕರು. ನಡೆದದ್ದನ್ನು ನಡೆದ ಹಾಗೆ ಹೇಳಬಲ್ಲವಳು ಈ ಕಡೆ ಈಗ ನಾನೊಬ್ಬಳೇ.

ಮಕ್ತಲ್‌ನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಕನ್ನಡ ಪಾಠ ಹೇಳುತ್ತಿದ್ದೆ, ಅವರು ಡ್ರಿಲ್ ಮಾಡಿಸುತ್ತಿದ್ದರು. ಗಿಡ್ಡ ಆಳು. ನಾರಾಯಣಪೇಟೆಯ ಚೌಕುಳಿ ಸೀರೆ, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು, ಕೊರಳಲ್ಲಿ ತಾಳಿಯ ಪಕ್ಕಕ್ಕೆ ಕೆಂಪು ದಾರದ ಸೀಟಿ. ಸೀಟಿ ಇದ್ದದ್ದು ಮರ್ಯಾದೆಗೆ ಮಾತ್ರ, ದನಿಗೆ ಅದರ ಅಗತ್ಯವಿರಲಿಲ್ಲ. ಗದ್ವಾಲದ ನೇಕಾರರ ಮನೆಯಲ್ಲಿ ಹುಟ್ಟಿ, ನಾರಾಯಣಪೇಟೆಯ ನೇಕಾರರ ಮನೆಗೆ ಸೊಸೆಯಾಗಿ ಬಂದವರು. "ಮಗ್ಗದ ಸದ್ದಿನಾಗ ಹಸಿವಿ ಆಗೇತಿ ಅಂತ ಹೇಳ್ಬೇಕಂದ್ರೂ ಒದರಬೇಕು ನೋಡ್ರಿ. ಅದಕ್ಕ ನನ್ನ ಗಂಟಲ ಹಿಂಗ" ಎನ್ನುತ್ತಿದ್ದರು. ಸಿಟ್ಟು ಬಂದರೆ ತೆಲುಗು, ಪ್ರೀತಿ ಬಂದರೆ ಕನ್ನಡ, ಕಚೇರಿಯ ಕೆಲಸ ಬಂದರೆ ಉರ್ದು. ಸುಮ್ಮನಿರುವುದಕ್ಕೆ ಅವರ ಬಳಿ ಯಾವ ಭಾಷೆಯೂ ಇರಲಿಲ್ಲ.

ಅವರ ಯಜಮಾನರು ಇದಕ್ಕೆ ಪೂರ್ತಿ ವಿರುದ್ಧ. ಮನೆಯ ಪಡಸಾಲೆಯಲ್ಲೇ ಮಗ್ಗ. ಮೇಡಂ ಏನಾದರೂ ಕೇಳಿದರೆ ಅವರು ಬಾಯಿಂದ ಉತ್ತರ ಕೊಡುತ್ತಿರಲಿಲ್ಲ. ಮಗ್ಗ ನಿಂತರೆ ಹೂಂ, ನಿಲ್ಲದಿದ್ದರೆ ಉಹೂಂ. "ನಮ್ಮವ್ರು ಭಾಳ ಮಾತಾಡ್ತಾರ್ರಿ, ನೀವು ಕೇಳಿಸ್ಕೊಳ್ಳಲ್ಲ ಅಷ್ಟ" ಎಂದು ಮೇಡಂ ನನಗೆ ಹೇಳುತ್ತಿದ್ದರು.

ಮೇಡಂ ಎಲ್ಲರಿಗೂ 'ರೀ' ಹಚ್ಚುತ್ತಿದ್ದರು. ಐದನೆಯ ತರಗತಿಯ ಹುಡುಗಿಗೂ ರೀ, ಶಾಲೆಯ ಅಂಗಳಕ್ಕೆ ಬಂದ ನಾಯಿಗೂ ರೀ. ಕೋಸಗಿಯ ಬಸ್ಸು ಕೆಟ್ಟು ನಿಂತಾಗ ಅದರ ಬದಿಗೆ ತಟ್ಟಿ, "ಏಳ್ರೀ, ಹೊತ್ತಾತು" ಎಂದದ್ದನ್ನು ನಾನೇ ಕೇಳಿದ್ದೇನೆ. ಒಮ್ಮೆ ಮಕ್ಕಳನ್ನು ಜೂರಾಲ ಡ್ಯಾಮಿಗೆ ಕರೆದೊಯ್ದಿದ್ದೆವು. ಮಂಗವೊಂದು ಮೇಡಂ ಅವರ ಬುತ್ತಿಯ ಡಬ್ಬಿಯನ್ನೇ ಎತ್ತಿಕೊಂಡು ಮರ ಹತ್ತಿತು. ಎಲ್ಲರೂ ಕಲ್ಲು ಹುಡುಕುತ್ತಿದ್ದರೆ ಇವರು ಕೆಳಗೆ ನಿಂತು, "ತಿನ್ರೀ, ಪೂರಾ ತಿನ್ರೀ. ತಿಂದಾದ ಮ್ಯಾಲ ಡಬ್ಬಿ ಕೊಡ್ರೀ, ಅದು ನಮ್ಮತ್ತಿದು" ಎಂದರು. ಮಂಗ ತಿಂದು ಡಬ್ಬಿಯನ್ನು ಕೆಳಗೆ ಹಾಕಿತು. ಮೇಡಂ ಹೇಳಿದ್ದಕ್ಕೆ ಹಾಕಿತೆಂದು ಮಕ್ಕಳು ನಂಬಿದರು. ತಿಂದ ಮೇಲೆ ಮಂಗಕ್ಕೆ ಡಬ್ಬಿಯಿಂದ ಏನು ಕೆಲಸ, ಎಂಬುದು ನನ್ನ ಅಭಿಪ್ರಾಯ.

ಪ್ರಾರ್ಥನೆಯ ಸಾಲಿನಲ್ಲಿ ಗುಸುಗುಸು ಮಾಡುವ ಹುಡುಗಿಯರಿಗೆ ಅವರು ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ನಳದ ಹತ್ತಿರ ಕಳಿಸಿ, "ಬಾಯ್ತುಂಬ ನೀರು ಹಿಡ್ಕೊಂಡು ಬಂದು ನಿಂದರ್ರೀ. ನುಂಗಂಗಿಲ್ಲ, ಉಗಳಂಗಿಲ್ಲ" ಎನ್ನುತ್ತಿದ್ದರು. ಉಬ್ಬಿದ ಗಲ್ಲದ ಏಳೆಂಟು ಹುಡುಗಿಯರು ಸಾಲಾಗಿ ನಿಂತು, ಕಣ್ಣಲ್ಲೇ ನಗುತ್ತ, ರಾಷ್ಟ್ರಗೀತೆಯ ತನಕ ಕಾಯುತ್ತಿದ್ದರು. ಒಂದು ದಿನ ಒಬ್ಬ ಹುಡುಗಿ, "ಮೇಡಂ, ನಿಮಗ ಹಿಂಗ ಹಿಡ್ಕೊಂಡು ನಿಂದ್ರಾಕ ಆಗ್ತದೇನ್ರಿ?" ಎಂದು ಕೇಳಿಯೇಬಿಟ್ಟಳು. ಮೇಡಂ ಸ್ವಲ್ಪ ಯೋಚಿಸಿ, "ಆಗಂಗಿಲ್ಲ. ಅದಕ್ಕ ನಾ ಮೇಡಂ ಆಗೀನಿ" ಎಂದರು.

ಇನ್ನೊಂದು ಅಭ್ಯಾಸವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಯಾರೇ ಹೊರಡಲಿ, ಅವರನ್ನು "ಹೋಗಿ ಬರ್ರೀ" ಎನ್ನದೆ ಬಿಡುತ್ತಿರಲಿಲ್ಲ. ನಮ್ಮ ಕಡೆ ಎಲ್ಲರೂ ಹಾಗೇ. ಹೋಗುವವರು 'ಹೋಗ್ತೀನಿ' ಎನ್ನುವುದಿಲ್ಲ, 'ಬರ್ತೀನಿ' ಎನ್ನುತ್ತಾರೆ. ಬರೀ 'ಹೋಗು' ಎಂದರೆ ಅದು ಬೈಗುಳ. ಆದರೆ ಮೇಡಂ ಇದನ್ನು ತೀರ ದೂರಕ್ಕೆ ಒಯ್ದಿದ್ದರು. ಶಾಲೆಯ ಸೈಕಲ್ ಕದ್ದು ಸಿಕ್ಕಿಬಿದ್ದವನನ್ನು ಪೊಲೀಸರು ಜೀಪು ಹತ್ತಿಸುವಾಗಲೂ ಗೇಟಿನ ತನಕ ಹೋಗಿ, "ಹೋಗಿ ಬರ್ರೀ" ಎಂದಿದ್ದರು. ಕೆಲವು ತಿಂಗಳಿಗೆ ಅವನು ಬಂದ. ಇನ್ನೊಂದು ಸೈಕಲ್ ಹೋಯಿತು.

ಅವರು ಬಾಯಿ ಬಿಡದೆ ಹೊರಟದ್ದನ್ನು ಊರಿನಲ್ಲಿ ನಾನು ಕಂಡದ್ದು ಒಮ್ಮೆ, ನಮ್ಮ ಅತ್ತೆ ತೀರಿಕೊಂಡ ದಿನ. ಬಂದು ಜೋರಾಗಿ ಅತ್ತರು, ನನ್ನ ಕೈ ಹಿಡಿದು ಕೂತರು, ಆಮೇಲೆ ಎದ್ದು ಒಂದು ಮಾತೂ ಇಲ್ಲದೆ, ತಿರುಗಿಯೂ ನೋಡದೆ ನಡೆದುಬಿಟ್ಟರು. ಸಾವಿನ ಮನೆಯಲ್ಲಿ 'ಬರ್ತೀನಿ' ಎನ್ನಬಾರದು. ಆ ಒಂದು ಮನೆಗೆ ಮಾತ್ರ ಅವರ ಬಾಯಿ ಹೆದರುತ್ತಿತ್ತು.

ಮೇಡಂ ಅವರ ತಮ್ಮ ಗದ್ವಾಲದ ಸೀರೆ ಅಂಗಡಿಯಲ್ಲಿ ಮಡಿಕೆ ಹಾಕಿ ಹಾಕಿ ಬೇಸತ್ತು, ಜಾಂಬಿಯಾ ದೇಶದ ಪೂರ್ವ ಭಾಗದ ಒಂದು ಪಟ್ಟಣಕ್ಕೆ ಹೋಗಿ ಅಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಅಕ್ಕನನ್ನು ವರ್ಷವೂ ಕರೆಯುತ್ತಿದ್ದ. ನಿವೃತ್ತಿಯಾದ ಮೇಲೆ ಮೇಡಂ ಹೊರಟರು. ಜೊತೆಗೆ ಬರುತ್ತೀರಾ ಎಂದು ಯಜಮಾನರನ್ನು ಕೇಳಿದರು, ಮಗ್ಗ ನಿಲ್ಲಲಿಲ್ಲ. ಹಾಗಾಗಿ ನಮ್ಮ ಮನೆಗೆ ಬಂದರು. ನಾನೂ ನಿವೃತ್ತಳಾಗಿ ಪದಬಂಧ ಬಿಡಿಸುತ್ತ ಕೂತಿದ್ದೆ.

"ಅಲ್ಲಿ ಹೋಗಿ ಮಾಡೋದೇನ್ರಿ?" ಎಂದೆ.

"ಇಲ್ಲಿ ಕುಂತು ಮಾಡೋದೇನೈತ್ರಿ, ಪಂಡಿತಮ್ಮ? ಬರ್ರೀ" ಎಂದರು. ನನ್ನನ್ನು ಅವರು ಪಂಡಿತಮ್ಮ ಎಂದೇ ಕರೆಯುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಚೇಷ್ಟೆ ಎಷ್ಟು ಎಂದು ನಾನು ತೂಗಿ ನೋಡಿಲ್ಲ.

ಅಲ್ಲಿನ ಪಟ್ಟಣದ ಹೊರಗೆ, ಕಾಡಿನ ಅಂಚಿಗೆ, ತಬ್ಬಲಿ ಪ್ರಾಣಿಗಳನ್ನು ಸಾಕಿ ಮತ್ತೆ ಕಾಡಿಗೆ ಬಿಡುವ ಒಂದು ಕೇಂದ್ರವಿತ್ತು. ಚಳಿಗಾಲಕ್ಕೆ ಮರಿಗಳಿಗೆ ಹೊದಿಸಲು ತಮ್ಮ ತನ್ನ ಅಂಗಡಿಯಿಂದ ಕಂಬಳಿ ಕೊಡುತ್ತಿದ್ದ. ಅದನ್ನು ತಲುಪಿಸಲು ಹೋದ ದಿನ ನಾವೂ ಹೋದೆವು. ಬೇರೆ ಬೇರೆ ದೇಶದಿಂದ ಬಂದ ಸ್ವಯಂಸೇವಕರು ಮೇವಿನ ಮೂಟೆಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಸಾಲು ಹಾವಿನಂತೆ ಡೊಂಕಾಗಿತ್ತು. ಮೇಡಂ ಸ್ವಲ್ಪ ಹೊತ್ತು ತಡೆದರು. ಆಮೇಲೆ ಸೀಟಿ ಊದಿದರು. ಸಾಲು ಥಟ್ಟನೆ ನೇರವಾಯಿತು. ಆಚೆ ಬೇಲಿಯಲ್ಲಿದ್ದ ಉಷ್ಟ್ರಪಕ್ಷಿಯೂ ಕತ್ತೆತ್ತಿ ಸೆಟೆದು ನಿಂತಿತೆಂದು ಮೇಡಂ ಹೇಳುತ್ತಿದ್ದರು. ನಾನು ಅದನ್ನು ನೋಡಲಿಲ್ಲ. ಕೇಂದ್ರದ ಮ್ಯಾನೇಜರ್ ಆ ದೇಶದವರೇ ಆದ ಎತ್ತರದ ಹೆಂಗಸು, ಕಡಿಮೆ ಮಾತಿನವರು. ಅವರು ನಕ್ಕು, "ನೀವು ಇಲ್ಲೇ ಇರುತ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾವು ಇದ್ದೆವು. ಹಾಗೆ ಇರಲು ಸ್ವಯಂಸೇವಕರೇ ಹಣ ಕಟ್ಟಬೇಕೆಂದು ತಿಳಿದಾಗ ಮೇಡಂ, "ಸೆಗಣಿ ನಾವ ಬಳೀಬೇಕು, ರೊಕ್ಕನೂ ನಾವ ಕೊಡಬೇಕಾ? ಭಾಳ ಶಾಣ್ಯಾರದಾರ" ಎಂದು ಮೆಚ್ಚಿಕೊಂಡರು. ಕೊನೆಗೆ ತಮ್ಮ ಕೊಡುತ್ತಿದ್ದ ಕಂಬಳಿಗಳ ಮುಲಾಜಿಗೆ ನಮ್ಮನ್ನು ಹಣವಿಲ್ಲದೆಯೇ ಇಟ್ಟುಕೊಂಡರು.

ಮೊದಲ ದಿನವೇ ಮ್ಯಾನೇಜರ್ ನಿಯಮಗಳನ್ನು ಹೇಳಿದರು. ಎಲ್ಲರೂ ಒಂದೇ ಹಸಿರು ಕೋಟು ತೊಡಬೇಕು. ಮರಿಗಳಿಗೆ ಹೆಸರಿಡಬಾರದು, ಮೈದಡವಬಾರದು. ಅವುಗಳ ಜೊತೆ, ಅವುಗಳ ಮುಂದೆ, ಮಾತಾಡಬಾರದು. ಮನುಷ್ಯರ ದನಿಯನ್ನು ನಂಬಿದ ಪ್ರಾಣಿ ಕಾಡಿಗೆ ಹೋದ ಮೇಲೂ ದನಿ ಕೇಳಿದ ಕಡೆ ನಡೆದುಬರುತ್ತದೆ. ಬಂದ ಕಡೆ ಉರುಲೋ ಬಂದೂಕೋ ಇರುತ್ತದೆ. ಅವರು ಇದನ್ನು ದನಿ ಏರಿಸದೆ ಹೇಳಿದರು. ನಾನು ಕನ್ನಡದಲ್ಲಿ ಮೇಡಂಗೆ ತಿಳಿಸಿದೆ.

"ಮಾತಾಡಂಗಿಲ್ಲಂದ್ರ? ಯಾರ ಕೂಡ?"

"ಪ್ರಾಣಿಗಳ ಕೂಡ್ರಿ."

"ಮನುಷ್ಯಾರ ಕೂಡ ಆಡಬಹುದಲ್ಲ?"

"ಆಡಬಹುದ್ರಿ. ಪ್ರಾಣಿಗಳ ಮುಂದ ಆಡಂಗಿಲ್ಲ."

ಮೇಡಂ ಸುತ್ತ ನೋಡಿದರು. ಎತ್ತ ನೋಡಿದರೂ ಪ್ರಾಣಿಗಳೇ. "ಹಂಗಾದ್ರ ನಾ ಎಲ್ಲಿ ನಿಂತು ಮಾತಾಡ್ಲಿ? ಮರದ ಮ್ಯಾಲಾ?"

ನಮ್ಮ ಪಾಲಿಗೆ ಬಂದದ್ದು ಎಲ್ಯಾಂಡ್ ಎಂಬ ಪ್ರಾಣಿಯ ಗಂಡು ಕರು. ಜಿಂಕೆಯ ಕುಲದ್ದೇ, ಆದರೆ ಬೆಳೆದರೆ ನಮ್ಮ ಹೋರಿಗಿಂತ ದೊಡ್ಡದಾಗುತ್ತದೆ. ಕುತ್ತಿಗೆಯ ಕೆಳಗೆ ಹೋರಿಯ ಹಾಗೆಯೇ ಗಂಗೆದೊಗಲು, ಮೈಮೇಲೆ ತೆಳ್ಳಗಿನ ಬಿಳಿ ಗೆರೆಗಳು. "ಇದು ಜಿಂಕಿ ಹೆಂಗ ಆಗ್ತದ್ರಿ? ನಮ್ಮ ಹೋರಿನ ಪಟ್ಟಿ ಸೀರಿ ಉಟ್ಕೊಂಡೈತಿ" ಎಂದರು ಮೇಡಂ. ತಾಯಿ ಉರುಲಿಗೆ ಸಿಕ್ಕಿ ಸತ್ತಿತ್ತು. ಕರು ಹಾಲು ಮುಟ್ಟುತ್ತಿರಲಿಲ್ಲ. ತಗಡಿನ ಬಕೀಟು ಬಡಿದು ಕರೆಯುವುದು ಅಲ್ಲಿನ ರೂಢಿ. ಬಡಿದಷ್ಟೂ ಅದು ಮೂಲೆಗೆ ಸರಿಯುತ್ತಿತ್ತು.

ಕರುವನ್ನು ನೋಡಿಕೊಳ್ಳುವವನ ಹೆಸರು ಬಂದಾ. ಅದು ಆ ಸೀಮೆಯಲ್ಲಿ ಮನೆಮನೆಗೂ ಇರುವ ಹೆಸರು. ನಮಗೆ ಮಾತ್ರ ಅದರಿಂದ ದಿನವೂ ಫಜೀತಿ. "ಬಂದಾ ಬಂದ್ರಾ?" "ಬಂದಾ ಬಂದು ಹೋದ್ರು." "ಬಂದಾ ಹೋದ ಮ್ಯಾಲ ಯಾರು ಬಂದ್ರು?" ಅವನ ಹೆಸರಿನ ಅರ್ಥ ನಮ್ಮ ಮಾತಿನಲ್ಲಿ ಏನೆಂದು ನಾನು ವಿವರಿಸಿದಾಗ ಅವನು ಬಹಳ ಸಂತೋಷಪಟ್ಟ. "ಹಾಗಾದರೆ ನಿಮ್ಮ ದೇಶಕ್ಕೆ ನಾನು ಆಗಲೇ ಬಂದಾಗಿದೆ" ಎಂದ.

ಕರು ಹಾಲು ಬಿಟ್ಟು ಸೊರಗುತ್ತಿದ್ದ ಒಂದು ಬೆಳಗ್ಗೆ, ಮೇಡಂ ಬಾಟಲಿ ಹಿಡಿದು ಮೊಣಕಾಲೂರಿ ಕೂತಿದ್ದರು. ಬಂದಾ ಬಕೀಟು ಬಡಿಯುತ್ತಿದ್ದ. ಮೇಡಂ ಎಡಗೈಯಿಂದ ಆ ಬಕೀಟನ್ನು ಹಿಡಿದು ಸದ್ದು ನಿಲ್ಲಿಸಿದರು. ಆಮೇಲೆ ಹೇಳಿದರು: "ಬರ್ರೀ." ಅವರ ಗಂಟಲಿನಿಂದ ಅಷ್ಟು ಸಣ್ಣ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕರು ಕಿವಿ ತಿರುಗಿಸಿತು. "ಬರ್ರೀ, ಬರ್ರೀ." ಅದು ಬಂತು, ಕುಡಿಯಿತು.

ನಿಯಮ ಮುರಿದಿತ್ತು. ಮೂವರೂ ಒಬ್ಬರನ್ನೊಬ್ಬರು ನೋಡಿದೆವು. ಬಂದಾ ಮೊದಲು ನಕ್ಕ. ತಮ್ಮ ಭಾಷೆಯಲ್ಲೂ 'ಬಾ' ಎನ್ನಲು 'ಬ್ವೆರಾ' ಎನ್ನುತ್ತಾರೆ, ದೊಡ್ಡವರಿಗಾದರೆ ಕೊನೆಗೆ 'ನಿ' ಸೇರಿಸಿ 'ಬ್ವೆರಾನಿ' ಎನ್ನುತ್ತಾರೆ ಎಂದ. ಅದು ಮೇಡಂಗೆ ಎಷ್ಟು ಹಿಡಿಸಿತೆಂದರೆ, "ನೋಡ್ರಿ ಪಂಡಿತಮ್ಮ! ನಾವು ರೀ ಅಂದ್ರ ಮರ್ಯಾದಿ, ಇವ್ರು ನೀ ಅಂದ್ರ ಮರ್ಯಾದಿ!" ಎಂದು ಕೋಟಿನ ತೋಳನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಅಂದಿನಿಂದ ಮ್ಯಾನೇಜರ್ ಇಲ್ಲದಾಗ ಹಾಲಿನ ಹೊತ್ತಿಗೆ ಬಕೀಟು ಬಡಿಯುವುದು ನಿಂತಿತು.

ಹೆಸರಿಡಬಾರದೆಂಬ ನಿಯಮವನ್ನು ಮಾತ್ರ ಮೇಡಂ ಚಾಚೂ ತಪ್ಪದೆ ಪಾಲಿಸಿದರು. ಕರುವನ್ನು 'ಇವ್ರು' ಎಂದರು. "ಹೆಸರಿಡದ ಬದುಕು ಮಾಡೋದು ನನಗೇನು ಹೊಸಾದಾ? ನಮ್ಮನಿಯವ್ರ ಹೆಸರು ನಾ ಎಂದರ ತಗೊಂಡೀನಾ?" ಎಂದರು. ಇದರಿಂದ ಒಂದು ದಿನ ಫೋನಿನಲ್ಲಿ ತೊಂದರೆಯಾಯಿತು. ಯಜಮಾನರಿಗೆ ಮೇಡಂ, "ಇವ್ರು ಇವತ್ತು ಎರಡು ಬಾಟ್ಲಿ ಕುಡುದ್ರು ನೋಡ್ರಿ. ಕುಡುದು ನನ್ನ ತೊಡಿ ಮ್ಯಾಲ ತಲಿ ಇಟ್ಟು ಮಕ್ಕೊಂಡ್ರು" ಎಂದರು. ಆ ಕಡೆ ಮಗ್ಗ ನಿಂತಿತು.

"ಯಾರು ಕುಡುದ್ರು?" ಎಂದಿತು ಒಂದು ದನಿ. ಅವರು ಅಷ್ಟು ಸ್ಪಷ್ಟವಾಗಿ ಮಾತಾಡಿದ್ದನ್ನು ನಾನು ಮೊದಲು ಕೇಳಿದ್ದು ಆಗ.

ಇವ್ರು ಬೆಳೆದರು. ಹಾಲು ಬಿಟ್ಟು ಹುಲ್ಲಿಗೆ ಬಂದರು. ಕೇಂದ್ರದ ಬೇಲಿಯಾಚೆಯ ಬಯಲಿನಲ್ಲಿ ಒಂದು ಹೊಂಡವಿತ್ತು. ಬೆಳಗಿನ ಹೊತ್ತು ಅಲ್ಲಿಗೆ ಎಲ್ಯಾಂಡ್‌ಗಳ ಹಿಂಡು ನೀರಿಗೆ ಬರುತ್ತಿತ್ತು. ಅದರಲ್ಲಿ ಇದೇ ವಯಸ್ಸಿನ ಕರುಗಳೂ ಇದ್ದವು. ಅವುಗಳ ಜೊತೆ ಸೇರಿಸುವುದೆಂದು ಮ್ಯಾನೇಜರ್ ನಿಶ್ಚಯಿಸಿದರು.

ಮೊದಲನೆಯ ಸಲ ನಡೆದದ್ದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ನಡೆಸಿ ನೋಡಿದ್ದೇನೆ. ಗೇಟು ತೆಗೆದಿತ್ತು. ಬಂದಾ, ಮ್ಯಾನೇಜರ್, ಮೇಡಂ, ನಾನು, ಜೀಪಿನ ಪಕ್ಕ ನಿಂತಿದ್ದೆವು. ಹುಲ್ಲು ಒಣಗಿ, ಕೊಯ್ದ ಜೋಳದ ಹೊಲದ ಬಣ್ಣಕ್ಕೆ ಬಂದಿತ್ತು. ಇವ್ರು ನಿಧಾನವಾಗಿ ನಡೆದರು. ಹಿಂಡಿನಿಂದ ಒಂದು ಹೆಣ್ಣು ಮುಂದೆ ಬಂದು ಮೂಸಿ ನೋಡಿತು, ದೂಡಲಿಲ್ಲ. ಬಂದಾ ಉಸಿರು ಬಿಟ್ಟ. ಎಲ್ಲ ಸರಿಯಾಗಿತ್ತು. ಆಗ ನನ್ನ ಪಕ್ಕದಲ್ಲಿ ಮೇಡಂ, ಕಣ್ಣು ತುಂಬಿಕೊಂಡು, ತಮ್ಮಷ್ಟಕ್ಕೆ ತಾವು ಎಂಬಂತೆ ಹೇಳಿದರು:

"ಹೋಗಿ ಬರ್ರೀ."

ಮಗ್ಗದ ಮನೆಯ ಗಂಟಲಿನ 'ತಮ್ಮಷ್ಟಕ್ಕೆ' ಬಯಲನ್ನೆಲ್ಲ ದಾಟಿತು. ಮಾತಿನ ಮೊದಲರ್ಧ ಇವ್ರಿಗೆ ಗೊತ್ತಿರಲಿಲ್ಲ, ಎರಡನೆಯರ್ಧ ಚೆನ್ನಾಗಿ ಗೊತ್ತಿತ್ತು. ಕಿವಿ ತಿರುಗಿದವು. ಆಮೇಲೆ ಇಡೀ ಕರು ತಿರುಗಿತು. ನೆಗೆಯುತ್ತ ಬಂತು. ನಾನು ದಾರಿಯಲ್ಲಿದ್ದೆ. ಎಡ ಮೊಣಕೈ ಮೇಲೆ ಬಿದ್ದೆ. ಬಿದ್ದಲ್ಲಿಂದ ನನಗೆ ಕಂಡದ್ದು ಇಷ್ಟು: ಕರು ಮೇಡಂ ಅವರ ಕೋಟಿನ ಜೇಬಿಗೆ ಮೂತಿ ತುರುಕಿ ಬಾಟಲಿ ಹುಡುಕುತ್ತಿದೆ, ಗದ್ದಲಕ್ಕೆ ಬೆದರಿದ ಹಿಂಡು ಧೂಳೆಬ್ಬಿಸಿ ಓಡುತ್ತಿದೆ.

ಮ್ಯಾನೇಜರ್ ನನ್ನನ್ನು ಎಬ್ಬಿಸಿ, ಮಣ್ಣು ಕೊಡವಿ, ಆಮೇಲೆ ಕೇಳಿದರು: "ಅವರು ಏನು ಹೇಳಿದರು?"

"ಹೋಗಿ ಬನ್ನಿ ಎಂದರು."

"ಹೋಗಲು ಹೇಳಿದರೋ, ಬರಲು ಹೇಳಿದರೋ?"

"ಹೋಗಲು."

"ಹಾಗಾದರೆ ಬರಲು ಏಕೆ ಹೇಳಿದರು?"

"ನಮ್ಮಲ್ಲಿ ಹೋಗಲು ಹೇಳುವುದೇ ಹಾಗೆ" ಎಂದೆ. ಜೀವಮಾನವೆಲ್ಲ ವ್ಯಾಕರಣ ಕಲಿಸಿದವಳು ನಾನು. ಅದಕ್ಕಿಂತ ಹೆಚ್ಚಿಗೆ ಏನೂ ಹೊಳೆಯಲಿಲ್ಲ.

ಅವರು ಬೈಯಲಿಲ್ಲ. ಹೊಂಡ ಬತ್ತುವ ತನಕ ಹಿಂಡು ಇತ್ತ ಬರುತ್ತದೆ, ಇನ್ನೊಂದೇ ಸಲ ನೋಡಬಹುದು ಎಂದರು. ಆಗಲೂ ಕರು ಹಿಂದಿರುಗಿದರೆ ಅದನ್ನು ಬಿಡುವಂತಿಲ್ಲ. ಮನುಷ್ಯರ ಕರೆಗೆ ಬರುವ ಪ್ರಾಣಿಯನ್ನು ಕಾಡಿಗೆ ಬಿಡುವುದೂ ಬೇಟೆಗಾರನಿಗೆ ಒಪ್ಪಿಸುವುದೂ ಒಂದೇ. ಸಾಯುವ ತನಕ ತಂತಿಬೇಲಿಯೊಳಗೇ ಇರಬೇಕಾಗುತ್ತದೆ. ಮೇಡಂ ಮುಂದಿನ ಸಲ ಅಲ್ಲಿಗೆ ಬರಕೂಡದು.

ಅಂದು ಮೇಡಂ ಊಟಕ್ಕೆ ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮಾತಾಡಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಮಧ್ಯಾಹ್ನ ಬಾಟಲಿ ತೊಳೆಯುವಲ್ಲಿ ಕೊನೆಗೂ ಬಾಯಿ ಬಿಟ್ಟರು.

"ಪಂಡಿತಮ್ಮ, ನಮ್ಮ ಕನ್ನಡದಾಗ ಬರೇ ಹೋಗು ಅನ್ನಾಕ ಏನರ ಐತೇನ್ರಿ? ಬೈಗಳ ಬಿಟ್ಟು."

"ತೆರಳಿ ಅಂತ ಒಂದು ಐತ್ರಿ" ಎಂದೆ.

"ತೆರಳಿ ಅಂದ್ರ ಇವ್ರು ನನ್ನ ಮಾರಿ ನೋಡ್ತಾರ, ಅಷ್ಟ."

ಬಂದಾ ತನ್ನ ಭಾಷೆಯದನ್ನು ಕೊಟ್ಟ. ಹೊರಟವರಿಗೆ ತಮ್ಮಲ್ಲಿ 'ಪಿತಾನಿ ಬ್ವಿನೊ' ಎನ್ನುತ್ತಾರೆ,  ಚೆನ್ನಾಗಿ ಹೋಗಿ ಎಂದಷ್ಟೇ ಅರ್ಥ, ಬರುವ ಮಾತೇ ಅದರಲ್ಲಿಲ್ಲ ಎಂದ. ಮೇಡಂ ಬಾಟಲಿ ತೊಳೆಯುತ್ತ ತೊಳೆಯುತ್ತ ಕಲಿತರು. "ಪಿತಾನಿ ಬ್ವಿನೊ." ಉಚ್ಚಾರ ಸರಿಯಾಗಿಯೇ ಇತ್ತು. ಪರೀಕ್ಷಿಸಲೆಂದು ಬಂದಾ ಎದ್ದು ಬಾಗಿಲ ಕಡೆ ಹೊರಟಂತೆ ಮಾಡಿದ. "ಪಿತಾನಿ ಬ್ವಿನೊ" ಎಂದರು ಮೇಡಂ. ಅವನು ಹೊಸ್ತಿಲು ದಾಟುವಷ್ಟರಲ್ಲಿ, "ಬರ್ರೀ" ಎಂದುಬಿಟ್ಟರು. ಎಷ್ಟು ಸಲ ಹೊರಟರೂ ಅಷ್ಟು ಸಲ ಬಾಲಕ್ಕೆ ಬರ್ರೀ ಅಂಟಿಕೊಂಡು ಬಂತು. ಕೊನೆಗೆ, "ನಾ ಬರಂಗಿಲ್ಲ. ನೀವು ಹೋಗಿ ಬರ್ರೀ" ಎಂದರು. ಹೇಳಿದ ಮೇಲೆ ತಾವೇ ಹಣೆ ಬಡಿದುಕೊಂಡರು.

ಎರಡನೆಯ ಸಲದ ಬೆಳಗ್ಗೆ ಗೇಟು ತೆಗೆದರೆ ಕರು ಹೊರಗೆ ಕಾಲಿಡಲಿಲ್ಲ. ಬಕೀಟು ಬಡಿದರು. ಬಂದಾ ಮ್ಯಾನೇಜರ್ ಎದುರಿಗೇ ಧೈರ್ಯ ಮಾಡಿ "ಬರ್ರೀ" ಎಂದ. ಅದು ಅವನನ್ನು ನೋಡಿತು, ಅವನ ಹಿಂದೆ ಯಾರೋ ಇರಬೇಕೆಂಬಂತೆ ಆಚೆ ನೋಡಿತು, ಅಲ್ಲೇ ನಿಂತಿತು. ಹಿಂಡು ನೀರು ಕುಡಿಯತೊಡಗಿತ್ತು. ಮ್ಯಾನೇಜರ್ ಮೇಡಂ ಅವರನ್ನು ಕರೆತರಲು ನಮ್ಮ ಕೋಣೆಗೆ ನಡೆದರು, ನಾನೂ ಹಿಂದೆ ಹೋದೆ. ಮೇಡಂ ಹಸಿರು ಕೋಟು ತೊಟ್ಟುಕೊಂಡೇ ಕೂತಿದ್ದರು.

ಬರುವ ದಾರಿಯಲ್ಲಿ ನನ್ನ ನೀರಿನ ಬಾಟಲಿಯನ್ನು ಇಸಿದುಕೊಂಡರು. "ಸತ್ತ ಮನಿಯಿಂದ ಬರ್ತೀವಲ್ಲ ಪಂಡಿತಮ್ಮ, ಹಂಗ ಬಂದ್ಬಿಡ್ತೀನಿ" ಎಂದರು.

"ಬಿಡ್ತು ಅನ್ರಿ! ಬದುಕಿರೋದಕ್ಕ ಹಂಗಂತಾರಾ?"

"ಬದುಕ್ಲಿ ಅಂತನ ಹೇಳಾಕತ್ತೀನಿ."

ಅವರು ಮುಂದೆ ನಡೆದರು. "ಬರ್ರೀ, ಬರ್ರೀ." ಇವ್ರು ಹಿಂದೆ ನಡೆದರು. ಗೇಟು ದಾಟಿ, ಒಣಹುಲ್ಲು ದಾಟಿ, ಹೊಂಡ ಕಾಣುವಲ್ಲಿಗೆ. ನಾನೂ ಬಂದಾನೂ ಸ್ವಲ್ಪ ಹಿಂದೆ. ಅಲ್ಲಿ ನಿಂತು ಮೇಡಂ ಬಾಟಲಿಯ ಬಿರಡೆ ತೆಗೆದು ಬಾಯ್ತುಂಬ ನೀರು ತುಂಬಿಕೊಂಡರು. ಎರಡೂ ಗಲ್ಲ ಉಬ್ಬಿದವು. ಕರು ಹಿಂಡನ್ನು ನೋಡಿತು, ಅವರನ್ನು ನೋಡಿತು. ಮೇಡಂ ಬೂಟಿನ ಹಿಮ್ಮಡಿಯ ಮೇಲೆ, ಶಾಲೆಯ ಮೈದಾನದಲ್ಲಿ ಮಾಡಿಸುತ್ತಿದ್ದ ಹಾಗೆಯೇ, ಹಿಂದಕ್ಕೆ ತಿರುಗಿದರು. ನಮ್ಮ ಕಡೆ ನಡೆದು ಬರತೊಡಗಿದರು. ಕಣ್ಣಲ್ಲಿ ನೀರಿತ್ತೋ ಇಲ್ಲವೋ, ಬಿಸಿಲಿಗೆ ನನಗೆ ಕಾಣಲಿಲ್ಲ. ಬಾಯಲ್ಲಿದ್ದದ್ದು ಗೊತ್ತು.

ಕರು ಅವರ ಹಿಂದೆ ಕೆಲವು ಹೆಜ್ಜೆ ಬಂತು. ಅವರಿಗೆ ಅದು ಕೇಳಿಸಿರಲೇಬೇಕು, ಒಣಹುಲ್ಲು ಅಷ್ಟು ಸದ್ದು ಮಾಡುತ್ತಿತ್ತು. ನಿಲ್ಲಲಿಲ್ಲ. ಕರು ನಿಂತು ಒಮ್ಮೆ ಕೂಗಿತು. ಮೇಡಂ ಅವರ ಕತ್ತಿನ ನರ ಎದ್ದುನಿಂತದ್ದು ನನಗೆ ಕಂಡಿತು. ನಿಲ್ಲಲಿಲ್ಲ. ಆಗ ಹಿಂಡಿನ ಆ ಹೆಣ್ಣು ಬಂತು. ಅದೇ ಹೆಣ್ಣೇ ಎಂದು ಆಣೆ ಮಾಡಿ ಹೇಳಲಾರೆ. ಕರುವನ್ನು ಮೂತಿಯಿಂದ ನೂಕಿತು, ಇನ್ನೊಮ್ಮೆ ನೂಕಿತು. ಇವ್ರು ಹೋದರು. ಉಳಿದ ಕರುಗಳ ನಡುವೆ ಬಿಳಿ ಗೆರೆಗಳು ಬೆರೆತವು. ಆಮೇಲೆ ಯಾವುದು ಯಾವುದೆಂದು ತಿಳಿಯಲಿಲ್ಲ.

ಮೇಡಂ ನನ್ನ ಎದುರಿಗೆ ಬಂದು ಹುಬ್ಬೆತ್ತಿದರು. ನಾನು ತಲೆಯಾಡಿಸಿದೆ. ಗೇಟಿನ ಬಳಿಯಿದ್ದ ಜೀಪು ಹತ್ತಿ, ಅದು ಕೇಂದ್ರದ ಅಂಗಳಕ್ಕೆ ಬಂದು ನಿಲ್ಲುವ ತನಕ ಅವರ ಗಲ್ಲ ಹಾಗೇ ಉಬ್ಬಿತ್ತು. ಅಲ್ಲಿ ಇಳಿದು, ಉಗುಳಲಿಲ್ಲ, ನುಂಗಿದರು.

"ಪಂಡಿತಮ್ಮ, ನೀರು ಬಿಸಿ ಆಗಿತ್ರಿ" ಎಂದರು.

ಊರಿಗೆ ಮರಳಿದ ಮೇಲೆ ಬಂದಾ ಆಗಾಗ ಫೋಟೋ ಕಳಿಸುತ್ತಿದ್ದ. ದೂರದ ಬಯಲು, ಎಳ್ಳು ಚೆಲ್ಲಿದಂತೆ ಪ್ರಾಣಿಗಳು. ಮೇಡಂ ಅದನ್ನು ನಾರಾಯಣಪೇಟೆಯ ಬಜಾರದಲ್ಲಿ ಎಲ್ಲರಿಗೂ ತೋರಿಸಿ, "ಇವ್ರನ್ನ ನೋಡ್ರಿ, ಹೆಂಗ ಬೆಳೆದಾರ" ಎನ್ನುತ್ತಿದ್ದರು. ಯಾರಿಗೂ ಯಾವುದೆಂದು ಕಾಣುತ್ತಿರಲಿಲ್ಲ, ಎಲ್ಲರೂ ಹೌದೆನ್ನುತ್ತಿದ್ದರು. ಸಿಂಹ ಹುಟ್ಟಿಕೊಂಡದ್ದು ಅಲ್ಲಿಂದಲೇ ಇರಬೇಕು. ಒಮ್ಮೆ ಬಂದಾ, ಹಿಂಡು ಹತ್ತಿರ ಬಂದಿದೆ, ಬರ್ರೀ ಎಂದು ಕರೆದು ನೋಡಲೇ, ತಿರುಗುತ್ತದೋ ಏನೋ ಎಂದು ಫೋನಿನಲ್ಲಿ ಕೇಳಿದ. ಮೇಡಂ ಅವನಿಗೆ ತಿಳಿಯದ ತೆಲುಗಿನಲ್ಲಿ "ವದ್ದು! ವದ್ದು!" ಎಂದು ಕೂಗಿದರು. ಬೇಡವೆಂದು ಅವನಿಗೆ ತಿಳಿಯಿತು.

ಹೋದ ತಿಂಗಳು ಒಂದು ಬೆಳಗ್ಗೆ ನನ್ನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಮಾತಿನ ನಡುವೆ, "ತಡೀರಿ, ಹಾಲು ಉಕ್ಕಾಕತ್ತೈತಿ, ನೋಡಿ ಬರ್ತೀನಿ" ಎಂದು ಫೋನು ಕೆಳಗಿಟ್ಟರು. ನಾನು ಹಿಡಿದುಕೊಂಡೇ ಇದ್ದೆ. ಮಗ್ಗದ ಸದ್ದು ಕೇಳುತ್ತಿತ್ತು. ಆಮೇಲೆ ಪಾತ್ರೆ ಬಿದ್ದ ಸದ್ದು. ಆಮೇಲೆ ಮಗ್ಗ ನಿಂತಿತು. ಬರ್ತೀನಿ ಎಂದು ಅವರು ಬಾರದೆ ಇದ್ದದ್ದು ಅದೊಂದೇ ಸಲ.

ನಾನು ಹೋದಾಗ ಮನೆ ತುಂಬ ಜನ. ಸಂಜೆಯ ಹೊತ್ತಿಗೆ ಎಲ್ಲ ಮುಗಿದು, ಸ್ಮಶಾನಕ್ಕೆ ಹೋಗಿದ್ದವರು ಮರಳಿ, ಪಡಸಾಲೆಯಲ್ಲಿ ಕೆಲವರಷ್ಟೇ ಉಳಿದಿದ್ದರು. ಯಜಮಾನರು ನಿಂತ ಮಗ್ಗದ ಪಕ್ಕ ಕೂತಿದ್ದರು. ನಾನು ಬಂದಾನಿಗೆ ಸುದ್ದಿ ಕಳಿಸಿದ್ದೆ. ಅವನ ದನಿಯ ಸಂದೇಶ ಬಂದಿತ್ತು. ಯಜಮಾನರಿಗೆ ಕೇಳಿಸಿದೆ. "ಪಿತಾನಿ ಬ್ವಿನೊ, ಮೇಡಂ. ಪಿತಾನಿ ಬ್ವಿನೊ."

"ಏನಂತಾರ?" ಎಂದರು.

"ಚೊಲೋ ಹೋಗ್ರಿ ಅಂತಾರ್ರಿ."

ಅವರು ಫೋನಿನ ಕಡೆ ಬಾಗಿದರು. "ಬರೋದು?"

"ಅವ್ರ ಮಾತಿನಾಗ ಬರೋದು ಇಲ್ರಿ."

ಅವರು ಮಗ್ಗದ ಕಡೆ ಮುಖ ತಿರುಗಿಸಿದರು. ನಾನು ಎದ್ದೆ. ನನಗೆ ನನ್ನ ಬಾಯಿಯ ಮೇಲೆ ನಂಬಿಕೆ ಇರಲಿಲ್ಲ. ಆ ಮನೆಯ ಹೊಸ್ತಿಲಲ್ಲಿ 'ಬರ್ತೀನ್ರಿ' ಎನ್ನದೆ ನಾನು ಎಂದೂ ಹೊರಟವಳಲ್ಲ. ಅಂಗಳದ ಕೊಡದಿಂದ ನೀರು ಮೊಗೆದು ಬಾಯ್ತುಂಬ ಹಿಡಿದುಕೊಂಡೆ. ಯಜಮಾನರು ನೋಡುತ್ತಿದ್ದರು. ಕರುವಿನ ಕತೆ ಅವರಿಗೆ ಗೊತ್ತಿತ್ತು. ಎಷ್ಟು ಸಲ ಕೇಳಿದ್ದರೋ. ನನ್ನ ಉಬ್ಬಿದ ಗಲ್ಲ ಕಂಡು ಅವರ ತುಟಿ ಸ್ವಲ್ಪ ಅಲುಗಿತು. ನಾನು ಬೆನ್ನು ತಿರುಗಿಸಿ ಬಾಗಿಲ ಕಡೆ ನಡೆದೆ. ಹೊಸ್ತಿಲ ಮೇಲೆ ಕಾಲಿಟ್ಟಿದ್ದೆ.

"ಹೋಗಿ ಬರ್ರೀ" ಎಂದರು ಹಿಂದಿನಿಂದ. ಮಗ್ಗದ ಸದ್ದನ್ನೂ ಮೀರಿ ಕೇಳುವಷ್ಟು ಜೋರಾಗಿ, ಥೇಟು ಮೇಡಂ ರಾಗದಲ್ಲಿ.

"ಏ, ಸತ್ತ ಮನ್ಯಾಗ ಹಂಗನಬ್ಯಾಡ್ರೀ ಮೈದುನ್ರೇ!" ಎಂದು ಧನ್ವಾಡದಿಂದ ಬಂದಿದ್ದ ಮೇಡಂ ಅವರ ನೆಗೆಣ್ಣಿ ಗದರಿದರು. ಯಜಮಾನರು ಕೇಳಿಸಿಕೊಳ್ಳಲಿಲ್ಲ. ಹೇಳಿದ್ದು ನನಗೋ, ಹೋದವರಿಗೋ, ನಾನು ಕೇಳಲಿಲ್ಲ.

ಆದರೆ ನಾನು ತಿರುಗಿದೆ. ಬಾಯಲ್ಲಿದ್ದ ನೀರನ್ನು ನುಂಗಿದೆ. ಬಿಸಿಯಾಗಿತ್ತು.

"ಬರ್ತೀನ್ರಿ" ಎಂದೆ.